‘ಇಲ್ಲ’ ಮತ್ತು ‘ಕಾಣಲಿಲ್ಲ’: ಎಚ್‌ಐವಿ ಸೋಂಕಿನ ಆರಂಭಿಕ ಪತ್ತೆಯಲ್ಲಿ ಜೈವಿಕ ಸಂವೇದಕಗಳು

ಪೀಠಿಕೆ

ಕನ್ನಡದಲ್ಲಿ ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ನಿಷೇಧಾರ್ಥಕ ಪದಗಳಿವೆ. ಇವೆರಡರ ಅರ್ಥವ್ಯತ್ಯಾಸ ವ್ಯಾಕರಣದ ಮೊದಲ ಪಾಠಗಳಲ್ಲೊಂದು. ‘ಮನೆಯಲ್ಲಿ ಹಾವು ಇಲ್ಲ’ ಎಂಬ ವಾಕ್ಯ ಇರುವಿಕೆಯನ್ನು ನಿರಾಕರಿಸುತ್ತದೆ. ‘ಅದು ಹಾವು ಅಲ್ಲ, ಹಗ್ಗ’ ಎಂಬ ವಾಕ್ಯ ಗುರುತನ್ನು ನಿರಾಕರಿಸುತ್ತದೆ. ಇವುಗಳ ಪಕ್ಕದಲ್ಲಿ ‘ಹಾವು ಕಾಣಲಿಲ್ಲ’ ಎಂಬ ಮೂರನೆಯ ವಾಕ್ಯವನ್ನು ಇಟ್ಟು ನೋಡಬೇಕು. ಇದು ಹಾವಿನ ಇರುವಿಕೆಯನ್ನು ಕುರಿತ ಮಾತಲ್ಲ. ನೋಡಿದವನ ಕಣ್ಣು, ಅವನ ಕೈಯ ದೀಪ, ಅವನು ನೋಡಿದ ಹೊತ್ತು, ಇವುಗಳನ್ನು ಕುರಿತ ಮಾತು.

ಎಚ್‌ಐವಿ ಪರೀಕ್ಷೆಯ ವರದಿಯಲ್ಲಿ ‘ನೆಗೆಟಿವ್’ ಎಂದು ಬರೆದಿದ್ದರೆ ಅದನ್ನು ಸಾಮಾನ್ಯವಾಗಿ ‘ಸೋಂಕು ಇಲ್ಲ’ ಎಂದೇ ಓದಲಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಓದು ಸರಿಯಾದುದೇ. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಅದೇ ವರದಿಯ ನಿಜವಾದ ಅರ್ಥ ‘ಇನ್ನೂ ಕಾಣಲಿಲ್ಲ’ ಎಂದು ಮಾತ್ರ. ‘ಇಲ್ಲ’ ಮತ್ತು ‘ಕಾಣಲಿಲ್ಲ’ ಎಂಬುವುಗಳ ನಡುವಿನ ಈ ಕಾಲಾವಕಾಶವನ್ನು ಕಿರಿದುಗೊಳಿಸುವ ಪ್ರಯತ್ನವೇ ಎಚ್‌ಐವಿಯ ಆರಂಭಿಕ ಪತ್ತೆಗಾಗಿ ರೂಪುಗೊಳ್ಳುತ್ತಿರುವ ಜೈವಿಕ ಸಂವೇದಕಗಳ ಕಥೆ. ಆ ಉಪಕರಣಗಳ ತತ್ತ್ವ, ಸಾಧನೆ ಮತ್ತು ಮಿತಿಗಳನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಣದ ದಿನಗಳು

ಎಚ್‌ಐವಿ ಕಣದ ವ್ಯಾಸ ಸುಮಾರು 100ರಿಂದ 120 ನ್ಯಾನೋಮೀಟರ್. ಅದರ ಹೊರಕವಚದ ಮೇಲೆ ಜಿಪಿ120 ಎಂಬ ಪ್ರೋಟೀನಿನ ಮುಳ್ಳುಗಳಿವೆ. ಒಳಗೆ ಪಿ24 ಎಂಬ ಪ್ರೋಟೀನಿನಿಂದ ಕಟ್ಟಿದ ಶಂಕುವಿನಾಕಾರದ ಕೋಶವಿದೆ; ಆ ಕೋಶದೊಳಗೆ ಆರ್‌ಎನ್‌ಎಯ ಎರಡು ಎಳೆಗಳು ಅಡಗಿವೆ. ರೋಗನಿರೋಧಕ ವ್ಯವಸ್ಥೆಯ ಆಧಾರಸ್ತಂಭವಾದ ಸಿಡಿ4 ಜೀವಕೋಶಗಳನ್ನು ಈ ವೈರಸ್ ಹೊಕ್ಕು, ಅಲ್ಲಿಯೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ಸೋಂಕು ತಗುಲಿದ ನಂತರದ ದಿನಗಳಲ್ಲಿ ರಕ್ತದಲ್ಲಿ ಮೂರು ಕುರುಹುಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಮೊದಲಿಗೆ ಬರುವುದು ವೈರಸ್ಸಿನ ಆರ್‌ಎನ್‌ಎ, ಅದರ ಹಿಂದೆ ಪಿ24 ಪ್ರತಿಜನಕ, ಕೊನೆಯಲ್ಲಿ ದೇಹವು ವೈರಸ್ಸಿಗೆ ಎದುರಾಗಿ ಸೃಷ್ಟಿಸಿದ ಪ್ರತಿಕಾಯಗಳು. ಮೊದಲ ಹತ್ತು ದಿನಗಳ ಆಸುಪಾಸಿನಲ್ಲಿ ಈ ಮೂರರಲ್ಲಿ ಯಾವುದೂ ರೂಢಿಯ ಪರೀಕ್ಷೆಗಳಿಗೆ ಸಿಗುವುದಿಲ್ಲ. ಆಗ ವೈರಸ್ ದೇಹದೊಳಗಿದ್ದರೂ ದುಗ್ಧಗ್ರಂಥಿಗಳಂತಹ ಅಂಗಾಂಶಗಳಲ್ಲಿ ನೆಲೆಯೂರುತ್ತಿರುತ್ತದೆ. ರಕ್ತಪ್ರವಾಹದಲ್ಲಿ ಅದರ ಪ್ರಮಾಣ ಅತ್ಯಲ್ಪ.

ಪರೀಕ್ಷೆಗಳ ಶಕ್ತಿಯೂ ಈ ಅನುಕ್ರಮವನ್ನೇ ಅನುಸರಿಸುತ್ತದೆ. ಆರ್‌ಎನ್‌ಎಯನ್ನು ಹುಡುಕುವ ನ್ಯೂಕ್ಲಿಯಿಕ್ ಆಮ್ಲ ಪರೀಕ್ಷೆಯು ಸೋಂಕನ್ನು 10ರಿಂದ 33 ದಿನಗಳ ನಡುವೆ ಗುರುತಿಸಬಲ್ಲದು. ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ 18ರಿಂದ 45 ದಿನಗಳು ಬೇಕು. ಪ್ರತಿಕಾಯವನ್ನು ಮಾತ್ರ ಹುಡುಕುವ ಪರೀಕ್ಷೆಗೆ 23ರಿಂದ 90 ದಿನಗಳು ಬೇಕಾಗಬಹುದು. ವ್ಯಕ್ತಿಯಿಂದ ವ್ಯಕ್ತಿಗೆ ದೇಹದ ಪ್ರತಿಕ್ರಿಯೆ ಬೇರೆಯಾಗುವುದರಿಂದಲೇ ಈ ಅಂತರಗಳು ಇಷ್ಟು ಅಗಲವಾಗಿವೆ.

ಈ ಕಾಲಾವಧಿಗೆ ಕನ್ನಡದ ಆರೋಗ್ಯ ಸಾಹಿತ್ಯದಲ್ಲಿ ‘ಗವಾಕ್ಷಿ ಅವಧಿ’ ಎಂಬ ಹೆಸರಿದೆ. ‘ವಿಂಡೋ ಪೀರಿಯಡ್’ ಎಂಬ ಮಾತಿನ ನೇರ ಅನುವಾದವಿದು. ಗವಾಕ್ಷಿಯೆಂದರೆ ಬೆಳಕು ಬರಲೆಂದು, ಹೊರಗಿನದು ಕಾಣಲೆಂದು ಇರಿಸಿದ ಕಿಂಡಿ. ಆದರೆ ಈ ಅವಧಿಯ ಲಕ್ಷಣ ಕಾಣುವುದಲ್ಲ, ಕಾಣದಿರುವುದು. ಪದ ಒಂದನ್ನು ಹೇಳಿ ವಸ್ತುಸ್ಥಿತಿ ಇನ್ನೊಂದನ್ನು ಹೇಳುವ ಇಂತಹ ಕಡೆಗಳಲ್ಲಿ ಅನುವಾದಕನ ಹೊಣೆ ದೊಡ್ಡದು. ‘ಕಾಣದ ಅವಧಿ’ ಎಂಬ ಸರಳ ನುಡಿಗಟ್ಟು ಓದುಗನನ್ನು ಹೆಚ್ಚು ಸುರಕ್ಷಿತವಾಗಿ ಅರ್ಥದ ಬಳಿಗೆ ಕರೆದೊಯ್ಯುತ್ತದೆ.

ಪರೀಕ್ಷೆಯ ಪೂರ್ವೇತಿಹಾಸ

1981ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಅಪರೂಪದ ನ್ಯುಮೋನಿಯಾಕ್ಕೆ ತುತ್ತಾದ ಐವರು ಯುವಕರ ವರದಿ ಪ್ರಕಟವಾದಾಗ ಏಡ್ಸ್ ವೈದ್ಯಲೋಕದ ಗಮನಕ್ಕೆ ಬಂದಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರ್ರೆ-ಸಿನೂಸಿ ಮತ್ತು ಲ್ಯೂಕ್ ಮೊಂಟಾನ್ಯೆ ಅವರ ತಂಡ ಇದಕ್ಕೆ ಕಾರಣವಾದ ವೈರಸ್ಸನ್ನು ಬೇರ್ಪಡಿಸಿತು. ಈ ಶೋಧಕ್ಕಾಗಿ ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1985ರಲ್ಲಿ ಅಮೆರಿಕದಲ್ಲಿ ಮೊದಲ ರಕ್ತಪರೀಕ್ಷೆಗೆ ಅನುಮತಿ ದೊರೆಯಿತು. ಅದು 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿವರಿಸಿದ್ದ ಎಲೈಸಾ ವಿಧಾನವನ್ನು ಆಧರಿಸಿತ್ತು. ಪ್ರತಿಕಾಯವು ತನ್ನ ಪ್ರತಿಜನಕಕ್ಕೆ ಅಂಟಿಕೊಂಡಾಗ ಕಿಣ್ವವೊಂದರ ಸಹಾಯದಿಂದ ಬಣ್ಣ ಮೂಡಿಸುವುದು ಎಲೈಸಾದ ತಿರುಳು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೋಲೊಮನ್ ಅವರ ಮಾರ್ಗದರ್ಶನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಆಗ ಆ ಮಹಾನಗರದಲ್ಲಿ ಪರೀಕ್ಷೆಯ ಸೌಲಭ್ಯವಿರಲಿಲ್ಲ. ಮಾದರಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷಿಸಬೇಕಾಯಿತು. ಪರೀಕ್ಷೆಯ ಇತಿಹಾಸದಲ್ಲಿ ಕಾಲದ ಪ್ರಶ್ನೆಯ ಜೊತೆಗೆ ಸ್ಥಳದ ಪ್ರಶ್ನೆಯೂ ಇದೆ ಎಂಬುದನ್ನು ಈ ಘಟನೆ ತೋರಿಸುತ್ತದೆ. ಸೋಂಕು ಇರುವಲ್ಲಿ ಉಪಕರಣವಿಲ್ಲ, ಉಪಕರಣವಿರುವಲ್ಲಿಗೆ ರಕ್ತ ಪ್ರಯಾಣ ಮಾಡಬೇಕು. ಜೈವಿಕ ಸಂವೇದಕ ಎದುರಿಸಬೇಕಾದವು ಈ ಎರಡು ಪ್ರಶ್ನೆಗಳು: ಎಷ್ಟು ಬೇಗ ಕಾಣಬಲ್ಲದು, ಎಷ್ಟು ಹತ್ತಿರ ಬರಬಲ್ಲದು?

ಜೈವಿಕ ಸಂವೇದಕ ಎಂದರೇನು?

ಜೈವಿಕ ಸಂವೇದಕಕ್ಕೆ ಮೂರು ಅಂಗಗಳು. ಮೊದಲನೆಯದು ಗ್ರಾಹಕ. ಇದು ಪ್ರತಿಕಾಯ, ಕಿಣ್ವ ಅಥವಾ ಡಿಎನ್‌ಎಯ ತುಣುಕು ಆಗಿರಬಹುದು; ಬೀಗಕ್ಕೆ ತಕ್ಕ ಕೀಲಿಯಂತೆ ತಾನು ಹುಡುಕುವ ಅಣುವನ್ನಷ್ಟೇ ಹಿಡಿಯುವುದು ಇದರ ಕೆಲಸ. ಎರಡನೆಯದು ಪರಿವರ್ತಕ. ಹಿಡಿದ ಸಂಗತಿಯನ್ನು ವಿದ್ಯುತ್ತು, ಬೆಳಕು ಅಥವಾ ಕಂಪನದ ಬದಲಾವಣೆಯಾಗಿ ಇದು ಮಾರ್ಪಡಿಸುತ್ತದೆ. ಮೂರನೆಯದು ಆ ಬದಲಾವಣೆಯನ್ನು ಹಿಗ್ಗಿಸಿ, ಅಂಕಿಯಾಗಿಯೋ ಗೆರೆಯಾಗಿಯೋ ತೋರಿಸುವ ಭಾಗ. ಹಿಡಿಯುವುದು, ಮಾರ್ಪಡಿಸುವುದು, ತೋರಿಸುವುದು: ಈ ಮೂರು ಕ್ರಿಯಾಪದಗಳಲ್ಲಿ ಇಡೀ ತಂತ್ರ ಅಡಗಿದೆ.

ಈ ಕ್ಷೇತ್ರದ ಮೂಲಪುರುಷನೆಂದು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಅವರನ್ನು ಗುರುತಿಸಲಾಗುತ್ತದೆ. ದ್ರವದಲ್ಲಿನ ಆಮ್ಲಜನಕವನ್ನು ಅಳೆಯುವ ಎಲೆಕ್ಟ್ರೋಡನ್ನು ಅವರು 1956ರಲ್ಲಿ ವಿವರಿಸಿದರು. 1962ರಲ್ಲಿ ಕಿಣ್ವವನ್ನು ಎಲೆಕ್ಟ್ರೋಡಿನೊಂದಿಗೆ ಸೇರಿಸಿ ಗ್ಲೂಕೋಸನ್ನು ಅಳೆಯುವ ಮಾರ್ಗವನ್ನು ತೋರಿಸಿದರು. ಇಂದು ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳುವ ಗ್ಲೂಕೋಮೀಟರ್ ಆ ಪರಂಪರೆಯ ಕೂಸು.

ಹಾಗಾದರೆ ಗ್ಲೂಕೋಸಿನಷ್ಟೇ ಸುಲಭವಾಗಿ ಎಚ್‌ಐವಿಯನ್ನು ಏಕೆ ಅಳೆಯಲಾಗುವುದಿಲ್ಲ? ಉತ್ತರವಿರುವುದು ಪ್ರಮಾಣದಲ್ಲಿ. ಆರೋಗ್ಯವಂತನ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಸೋಂಕಿನ ಆರಂಭದಲ್ಲಿ ಪಿ24 ಇರುವುದು ಪಿಕೋಗ್ರಾಂ ಲೆಕ್ಕದಲ್ಲಿ ಅಥವಾ ಅದಕ್ಕಿಂತಲೂ ಕಡಿಮೆ. ಒಂದು ಪಿಕೋಗ್ರಾಂ ಎಂದರೆ ಮಿಲಿಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಜೊತೆಗೆ, ರಕ್ತದಲ್ಲಿ ತುಂಬಿರುವ ಅಲ್ಬುಮಿನ್ ಮೊದಲಾದ ಪ್ರೋಟೀನುಗಳ ರಾಶಿಯ ನಡುವೆ ಅದನ್ನು ಆರಿಸಬೇಕು. ಜಾತ್ರೆಯ ಗದ್ದಲದಲ್ಲಿ ಪಿಸುಮಾತೊಂದನ್ನು ಕೇಳಿಸಿಕೊಳ್ಳುವಂತಹ ಕೆಲಸವಿದು.

ಪರಿವರ್ತಕದ ಬಗೆಗಳು

ಪರಿವರ್ತಕದ ಸ್ವರೂಪವನ್ನು ಅನುಸರಿಸಿ ಸಂವೇದಕಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ವಿದ್ಯುದ್ರಾಸಾಯನಿಕ ಸಂವೇದಕದಲ್ಲಿ ಎಲೆಕ್ಟ್ರೋಡಿನ ಮೇಲೆ ಗ್ರಾಹಕಗಳನ್ನು ಕೂರಿಸಿರುತ್ತಾರೆ. ಗುರಿಯಣು ಬಂದು ಅಂಟಿದಾಗ ವಿದ್ಯುತ್ ಪ್ರವಾಹ, ವಿಭವ ಅಥವಾ ತಡೆಯಲ್ಲಿ ಬದಲಾವಣೆಯಾಗುತ್ತದೆ. ಅಗ್ಗವಾಗಿ, ಅಂಗೈಯಗಲದಲ್ಲಿ ತಯಾರಿಸಬಹುದಾದುದು ಇದರ ಗುಣ.

ದ್ಯುತಿ ಸಂವೇದಕದಲ್ಲಿ ಬೆಳಕೇ ಸುದ್ದಿವಾಹಕ. ಚಿನ್ನದ ತೆಳುಪದರದ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕಿನ ನಡತೆ, ಆ ಪದರಕ್ಕೆ ಅಣುಗಳು ಅಂಟಿದೊಡನೆ ಬದಲಾಗುತ್ತದೆ. ಚಿನ್ನದ ನ್ಯಾನೋಕಣಗಳು ಬಿಡಿಬಿಡಿಯಾಗಿದ್ದಾಗ ದ್ರಾವಣ ಕೆಂಪಾಗಿಯೂ ಗುಂಪುಗೂಡಿದಾಗ ನೀಲಿಯಾಗಿಯೂ ಕಾಣುವುದು ಇದೇ ಬಗೆಯ ವಿದ್ಯಮಾನ. ಆರೋಗ್ಯ ಕೇಂದ್ರಗಳ ಅನೇಕ ತ್ವರಿತ ಪರೀಕ್ಷಾ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆಯೂ ಚಿನ್ನದ ಕಣಗಳದ್ದೇ.

ಯಾಂತ್ರಿಕ ಸಂವೇದಕದಲ್ಲಿ ತೂಕ ಅಥವಾ ಬಿಗುಪು ಸುದ್ದಿಯಾಗುತ್ತದೆ. ಕಂಪಿಸುತ್ತಿರುವ ಸ್ಫಟಿಕಶಿಲೆಯ ಬಿಲ್ಲೆಯ ಮೇಲೆ ಅಣುಗಳು ಕೂತರೆ ಕಂಪನ ನಿಧಾನವಾಗುತ್ತದೆ. ತಂಬೂರಿಯ ತಂತಿಗೆ ಮೇಣ ಮೆತ್ತಿದರೆ ಶ್ರುತಿ ಇಳಿಯುವುದನ್ನು ನೆನೆದರೆ ತತ್ತ್ವ ಸ್ಪಷ್ಟವಾಗುತ್ತದೆ.

ಮೂರು ನಿದರ್ಶನಗಳು

2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಬರ್ಟೊ ಡಿ ಲಾ ರಿಕಾ ಮತ್ತು ಮಾಲಿ ಸ್ಟೀವನ್ಸ್ ಎಲೈಸಾಕ್ಕೆ ಚಿನ್ನದ ಕಣಗಳನ್ನು ಜೋಡಿಸಿದರು. ಹಳೆಯ ಎಲೈಸಾದಲ್ಲಿ ಕಿಣ್ವ ಬಣ್ಣವನ್ನು ಉತ್ಪಾದಿಸುತ್ತಿತ್ತು. ಇಲ್ಲಿ ಕಿಣ್ವವು ಚಿನ್ನದ ಕಣಗಳು ಬೆಳೆಯುವ ವೇಗವನ್ನು ನಿಯಂತ್ರಿಸುತ್ತದೆ. ಪಿ24 ಇದ್ದರೆ ಕಣಗಳು ಗುಂಪುಗೂಡಿ ದ್ರಾವಣ ನೀಲಿಯಾಗುತ್ತದೆ, ಇಲ್ಲದಿದ್ದರೆ ಕೆಂಪಾಗುತ್ತದೆ. ಒಂದು ಮಿಲಿಲೀಟರಿನಲ್ಲಿ ಗ್ರಾಮಿನ 10ರ ಋಣ 18ನೆಯ ಘಾತದಷ್ಟು ಪಿ24 ಇದ್ದರೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುತ್ತದೆಂದು ಅವರು ವರದಿ ಮಾಡಿದರು. ದುಬಾರಿ ಓದುಯಂತ್ರವಿಲ್ಲದೆ ಕಣ್ಣೇ ತೀರ್ಪು ಹೇಳಬಲ್ಲದೆಂಬುದು ಇದರ ಮಹತ್ತ್ವ.

2017ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಪ್ರಿಸಿಲಾ ಕೊಸಾಕ ಮತ್ತು ಸಂಗಡಿಗರು ಯಾಂತ್ರಿಕ ಹಾಗೂ ದ್ಯುತಿ ತತ್ತ್ವಗಳೆರಡನ್ನೂ ಕೂಡಿಸಿದರು. ಈಜುಕೊಳದ ಜಿಗಿಹಲಗೆಯಂತೆ ಒಂದೇ ತುದಿಯಲ್ಲಿ ಆಧಾರವಿರುವ ಸಿಲಿಕಾನಿನ ಅತಿಸೂಕ್ಷ್ಮ ಹಲಗೆಯ ಮೇಲೆ ಪಿ24 ಅನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಲಾಯಿತು. ಸಿಕ್ಕ ಪಿ24ರ ಮೇಲೆ ಚಿನ್ನದ ಕಣವೊಂದು ಬಂದು ಕೂರುವ ಏರ್ಪಾಡಿತ್ತು. ಕಣದ ತೂಕದಿಂದ ಹಲಗೆಯ ಕಂಪನ ಬದಲಾಗುತ್ತದೆ. ಅದೇ ಕಣ ಬೆಳಕನ್ನೂ ಚದುರಿಸುತ್ತದೆ. ಎರಡು ಸಾಕ್ಷಿಗಳು ಒಪ್ಪಿದರೆ ಮಾತ್ರ ತೀರ್ಪು. ಈ ವಿಧಾನದ ಸೂಕ್ಷ್ಮತೆ 10 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಒಂದು ವೈರಸ್ ಕಣದಷ್ಟು ಪಿ24 ಅನ್ನು ಗುರುತಿಸಬಲ್ಲುದಾಗಿತ್ತು. ಸೋಂಕನ್ನು ಮೊದಲ ವಾರದಲ್ಲೇ ಕಾಣುವ ಸಾಧ್ಯತೆಯನ್ನು ಇದು ತೆರೆಯಿತು.

2016ರಲ್ಲಿ ಇಂಪೀರಿಯಲ್ ಕಾಲೇಜು ಮತ್ತು ಡಿಎನ್‌ಎ ಎಲೆಕ್ಟ್ರಾನಿಕ್ಸ್ ಸಂಸ್ಥೆ ಯುಎಸ್‌ಬಿ ಕಡ್ಡಿಯ ಆಕಾರದ ಸಾಧನವೊಂದನ್ನು ಪ್ರಕಟಿಸಿದವು. ರಕ್ತದ ಮಾದರಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಇದ್ದರೆ ಚಿಪ್ಪಿನ ಮೇಲೆ ಅದರ ಪ್ರತಿಗಳು ಹೆಚ್ಚುತ್ತವೆ. ಆ ಕ್ರಿಯೆಯಿಂದ ದ್ರಾವಣದ ಆಮ್ಲೀಯತೆ ಬದಲಾಗಿ ಅದು ವಿದ್ಯುತ್ ಸಂಜ್ಞೆಯಾಗುತ್ತದೆ. 991 ಮಾದರಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸುಮಾರು 95 ಪ್ರತಿಶತ ನಿಖರತೆ ದೊರೆಯಿತು. ಫಲಿತಾಂಶಕ್ಕೆ ತಗುಲಿದ ಸಮಯ ಅರ್ಧ ಗಂಟೆಗಿಂತ ಕಡಿಮೆ. ಇದರ ಪ್ರಧಾನ ಗುರಿ ಚಿಕಿತ್ಸೆಯಲ್ಲಿರುವವರ ವೈರಸ್ ಪ್ರಮಾಣವನ್ನು ಅಳೆಯುವುದು. ಆದರೂ ಪ್ರಯೋಗಾಲಯವೇ ರೋಗಿಯ ಬಳಿಗೆ ಬರಬಹುದೆಂಬುದಕ್ಕೆ ಇದು ನಿದರ್ಶನ. ಮದರಾಸಿನಿಂದ ವೆಲ್ಲೂರಿಗೆ ಮಾದರಿಗಳು ಹೋಗಬೇಕಾದ ಕಾಲಕ್ಕೂ ಈ ಕಡ್ಡಿಗೂ ನಡುವಿನ ಅಂತರ ಮೂವತ್ತು ವರ್ಷ.

ದಿನಗಳ ಬೆಲೆ

ಎರಡೋ ಮೂರೋ ವಾರ ಮೊದಲೇ ತಿಳಿದರೆ ಆಗುವ ಲಾಭವೇನು ಎಂಬ ಪ್ರಶ್ನೆ ಸಹಜ. ಸೋಂಕಿನ ಆರಂಭದ ವಾರಗಳಲ್ಲಿ ರಕ್ತದಲ್ಲಿನ ವೈರಸ್ ಪ್ರಮಾಣ ಶಿಖರಕ್ಕೇರುತ್ತದೆ; ಇತರರಿಗೆ ಹರಡುವ ಸಾಧ್ಯತೆ ಆಗ ಬಹಳ ಹೆಚ್ಚು. ಪ್ರತಿಕಾಯ ಪರೀಕ್ಷೆ ‘ಕಾಣಲಿಲ್ಲ’ ಎನ್ನುವ ದಿನಗಳೂ ಹೆಚ್ಚುಕಡಿಮೆ ಇವೇ. ‘ಇಲ್ಲ’ ಎಂಬ ತಪ್ಪು ಓದು ಅತ್ಯಂತ ದುಬಾರಿಯಾಗುವುದು ಇಲ್ಲಿಯೇ.

ಬೇಗ ಚಿಕಿತ್ಸೆ ಆರಂಭಿಸಿದರೆ ಫಲವಿದೆ ಎಂಬುದು ಪ್ರಯೋಗಸಿದ್ಧ. 2015ರಲ್ಲಿ ಪ್ರಕಟವಾದ ‘ಸ್ಟಾರ್ಟ್’ ಅಧ್ಯಯನದಲ್ಲಿ, ಕೂಡಲೇ ಔಷಧ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ತಡವಾಗಿ ಆರಂಭಿಸಿದವರಿಗಿಂತ 57 ಪ್ರತಿಶತ ಕಡಿಮೆಯಾಗಿತ್ತು. ಚೆನ್ನೈ ಮತ್ತು ಪುಣೆಯ ಕೇಂದ್ರಗಳೂ ಪಾಲ್ಗೊಂಡಿದ್ದ ಎಚ್‌ಪಿಟಿಎನ್ 052 ಎಂಬ ಅಧ್ಯಯನವು, ಚಿಕಿತ್ಸೆ ಬೇಗ ಆರಂಭವಾದರೆ ಸಂಗಾತಿಗೆ ಸೋಂಕು ಹರಡುವುದು 96 ಪ್ರತಿಶತ ತಗ್ಗುತ್ತದೆಂದು 2011ರಲ್ಲಿ ತೋರಿಸಿತು.

ಎಲ್ಲಕ್ಕಿಂತ ಕರುಣಾಜನಕವಾದುದು ಶಿಶುವಿನ ವಿಷಯ. ಸೋಂಕಿತ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ಹರಿದುಬಂದು ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಆದ್ದರಿಂದ ಸೋಂಕಿಲ್ಲದ ಮಗುವಿನಲ್ಲೂ ಪ್ರತಿಕಾಯ ಪರೀಕ್ಷೆ ‘ಇದೆ’ ಎನ್ನಬಹುದು. ದೊಡ್ಡವರಲ್ಲಿ ಇರುವುದನ್ನು ಕಾಣದ ಪರೀಕ್ಷೆ ಇಲ್ಲಿ ಇಲ್ಲದುದನ್ನು ಕಾಣುತ್ತದೆ. ಚಿಕಿತ್ಸೆ ದೊರೆಯದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡನೆಯ ಹುಟ್ಟುಹಬ್ಬದ ಮೊದಲೇ ಸಾಯುತ್ತವೆ. ಹದಿನೆಂಟು ತಿಂಗಳು ಕಾಯುವುದೆಂದರೆ ಅವುಗಳನ್ನು ಕಳೆದುಕೊಳ್ಳುವುದೆಂದೇ ಅರ್ಥ. ಈ ಕಾರಣದಿಂದ ಆರು ವಾರಗಳ ವೇಳೆಗೆ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳನ್ನು ವಿಶೇಷ ಕಾಗದದ ಮೇಲೆ ಒಣಗಿಸಿ, ದೂರದ ಪ್ರಯೋಗಾಲಯಕ್ಕೆ ಕಳುಹಿಸಿ, ವೈರಸ್ಸನ್ನೇ ನೇರವಾಗಿ ಹುಡುಕಲಾಗುತ್ತದೆ. ದಕ್ಷಿಣ ಆಫ್ರಿಕದ ಅಧ್ಯಯನವೊಂದು 2008ರಲ್ಲಿ, ಕೂಡಲೇ ಚಿಕಿತ್ಸೆ ಪಡೆದ ಸೋಂಕಿತ ಶಿಶುಗಳ ಮರಣ 76 ಪ್ರತಿಶತ ಕಡಿಮೆಯಾದುದನ್ನು ದಾಖಲಿಸಿತು. ತಾಯಿ ಕಾದು ಕುಳಿತಿರುವಾಗಲೇ ಉತ್ತರ ಹೇಳುವ ಅಗ್ಗದ ಸಂವೇದಕಕ್ಕೆ ಇದಕ್ಕಿಂತ ಹಿರಿಯ ಸಾರ್ಥಕ್ಯ ಬೇರೆ ಇರಲಾರದು.

ಮಿತಿಗಳು

ಮೊದಲನೆಯ ಮಿತಿ ಮಾದರಿಯದು. 10 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಒಂದೇ ವೈರಸ್ ಕಣವಿದ್ದು, ಪರೀಕ್ಷೆಗೆ ಮಿಲಿಲೀಟರಿನ ಇಪ್ಪತ್ತರಲ್ಲಿ ಒಂದು ಭಾಗದ ಹನಿಯನ್ನು ತೆಗೆದುಕೊಂಡರೆ, ಇನ್ನೂರು ಹನಿಗಳಲ್ಲಿ ಒಂದರಲ್ಲಿ ಮಾತ್ರ ಆ ಕಣ ಸಿಗುತ್ತದೆ. ಹನಿಯಲ್ಲೇ ಇಲ್ಲದುದನ್ನು ಎಷ್ಟು ಸೂಕ್ಷ್ಮವಾದ ಸಂವೇದಕವೂ ಕಾಣಲಾರದು. ಕಾಣದ ಅವಧಿಯನ್ನು ಕುಗ್ಗಿಸಬಹುದು. ಪೂರ್ಣವಾಗಿ ಅಳಿಸುವುದು ಕಷ್ಟ.

ಎರಡನೆಯದು ಹುಸಿ ‘ಇದೆ’. ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು 0.2 ಪ್ರತಿಶತ. ಅಂದರೆ 10,000 ಮಂದಿಯಲ್ಲಿ 20 ಜನ. ಸೋಂಕಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ‘ಇದೆ’ ಎನ್ನುವ ಸಂವೇದಕವನ್ನು ಈ 10,000 ಮಂದಿಯ ಮೇಲೆ ಬಳಸಿದರೆ, ಸೋಂಕಿತರಾದ 20 ಮಂದಿಯ ಜೊತೆಗೆ ಸೋಂಕಿಲ್ಲದ ಸುಮಾರು 100 ಮಂದಿಯೂ ‘ಇದೆ’ ಎಂಬ ಪಟ್ಟಿಗೆ ಸೇರುತ್ತಾರೆ. ಈ ಕಾರಣಕ್ಕಾಗಿಯೇ ನಮ್ಮ ದೇಶದಲ್ಲಿ ಬೇರೆ ಬೇರೆ ತತ್ತ್ವ ಅಥವಾ ಪ್ರತಿಜನಕಗಳನ್ನು ಆಧರಿಸಿದ ಮೂರು ಪರೀಕ್ಷೆಗಳು ಒಪ್ಪಿದ ಮೇಲೆ ಮಾತ್ರ ರೋಗನಿರ್ಣಯ ಮಾಡಲಾಗುತ್ತದೆ. ಬೇಗ ಕಾಣುವುದು ಗುಣ. ಇಲ್ಲದುದನ್ನು ಕಾಣುವುದು ದೋಷ. ಸೂಕ್ಷ್ಮತೆಯೂ ನಿರ್ದಿಷ್ಟತೆಯೂ ಜೊತೆಯಾಗಿ ಸಾಗಬೇಕು.

ಮೂರನೆಯದು ಪ್ರಯೋಗಾಲಯಕ್ಕೂ ಆರೋಗ್ಯ ಕೇಂದ್ರಕ್ಕೂ ಇರುವ ದೂರ. ರಕ್ತದ ಇತರ ಪ್ರೋಟೀನುಗಳು ಸಂವೇದಕದ ಮೇಲ್ಮೈಗೆ ಮೆತ್ತಿಕೊಂಡು ಅದನ್ನು ಮಂಕುಗೊಳಿಸುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಗ್ರಾಹಕ ಪ್ರೋಟೀನುಗಳು ಕೆಡುತ್ತವೆ. ಪ್ರಬಂಧದಲ್ಲಿ ಗೆದ್ದ ಉಪಕರಣ ಊರಿನ ಆಸ್ಪತ್ರೆಯಲ್ಲೂ ಗೆಲ್ಲಲು ವರ್ಷಗಳ ಪರೀಕ್ಷೆ ಬೇಕು.

ಉಪಸಂಹಾರ

ಯಂತ್ರ ಎಷ್ಟೇ ಸೂಕ್ಷ್ಮವಾದರೂ ಅದರ ಮಾತನ್ನು ಮನುಷ್ಯ ಮನುಷ್ಯನಿಗೆ ಹೇಳಬೇಕು. ಗಡಿನಾಡಿನಲ್ಲಿ ವರದಿ ಇಂಗ್ಲಿಷಿನಲ್ಲಿರುತ್ತದೆ. ಆಪ್ತಸಮಾಲೋಚಕರ ಮಾತು ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿರಬಹುದು. ಮನೆಯ ಮಾತು ಕನ್ನಡ. ಈ ಮೂರು ಭಾಷೆಗಳನ್ನು ದಾಟಿ ಬರುವಷ್ಟರಲ್ಲಿ ‘ಈ ಹೊತ್ತಿಗೆ ಕಂಡುಬಂದಿಲ್ಲ, ನಿಗದಿತ ದಿನ ಕಳೆದು ಮತ್ತೆ ಬನ್ನಿ’ ಎಂಬ ಮಾತು ಬರಿಯ ‘ಇಲ್ಲ’ ಆಗಿ ಕುಗ್ಗಿಬಿಡುವುದು ಸುಲಭ. ಹಾಗೆ ಕುಗ್ಗದಂತೆ ಹೇಳುವ ಸಾಮರ್ಥ್ಯ ಭಾಷೆಯ ವಿದ್ಯಾರ್ಥಿಗೆ ಇರಬೇಕಾದುದು. ಸೋಂಕಿನ ಸಂಪರ್ಕವಾದ ಸಂಶಯವಿದ್ದರೆ ಪರೀಕ್ಷೆಯ ದಿನಕ್ಕಾಗಿ ಕಾಯಬಾರದೆಂಬುದೂ, 72 ಗಂಟೆಗಳೊಳಗೆ ವೈದ್ಯರನ್ನು ಕಂಡರೆ ಸೋಂಕನ್ನು ತಡೆಯುವ ಔಷಧ ಸಿಗಬಹುದೆಂಬುದೂ ಸ್ಪಷ್ಟ ಕನ್ನಡದಲ್ಲಿ ಹೇಳಬೇಕಾದ ಸಂಗತಿಗಳು. ಸರಕಾರದ ಸಮಗ್ರ ಆಪ್ತಸಮಾಲೋಚನಾ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 1097 ಸಹಾಯವಾಣಿಯ ಸಂಖ್ಯೆ. ವ್ಯಕ್ತಿಯ ತಿಳಿವಳಿಕೆಯುಳ್ಳ ಒಪ್ಪಿಗೆಯನ್ನೂ ಗೋಪ್ಯತೆಯನ್ನೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ರಕ್ಷಿಸುತ್ತದೆ.

ಸಂವೇದಕ ‘ಕಾಣಲಿಲ್ಲ’ದ ಅವಧಿಯನ್ನು ದಿನದಿನಕ್ಕೆ ಕಿರಿದುಗೊಳಿಸುತ್ತಿದೆ. ಉಳಿದ ಅವಧಿಯನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದು ಭಾಷೆಯ ಕೆಲಸ.

ಪದಪರಿಚಯ

ಪ್ರತಿಜನಕ: ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಹೊರಗಿನ ವಸ್ತು.
ಪ್ರತಿಕಾಯ: ಪ್ರತಿಜನಕಕ್ಕೆ ಎದುರಾಗಿ ದೇಹ ಸೃಷ್ಟಿಸುವ ಪ್ರೋಟೀನು.
ಪರಿವರ್ತಕ: ಜೈವಿಕ ಬದಲಾವಣೆಯನ್ನು ಅಳೆಯಬಹುದಾದ ಸಂಜ್ಞೆಯಾಗಿ ಮಾರ್ಪಡಿಸುವ ಅಂಗ.
ಸೂಕ್ಷ್ಮತೆ: ಸೋಂಕು ಇರುವವರನ್ನು ತಪ್ಪಿಸದೆ ಗುರುತಿಸುವ ಶಕ್ತಿ.
ನಿರ್ದಿಷ್ಟತೆ: ಸೋಂಕು ಇಲ್ಲದವರನ್ನು ತಪ್ಪಾಗಿ ಸೇರಿಸದಿರುವ ಗುಣ.

ಅಭ್ಯಾಸ

1. ‘ಇಲ್ಲ’, ‘ಅಲ್ಲ’, ‘ಕಾಣಲಿಲ್ಲ’ ಇವುಗಳ ಅರ್ಥವ್ಯತ್ಯಾಸವನ್ನು ವೈದ್ಯಕೀಯ ವರದಿಯ ಹಿನ್ನೆಲೆಯಲ್ಲಿ ವಿವರಿಸಿರಿ.
2. ಜೈವಿಕ ಸಂವೇದಕದ ಮೂರು ಅಂಗಗಳನ್ನು ಗ್ಲೂಕೋಮೀಟರಿನ ಉದಾಹರಣೆಯೊಂದಿಗೆ ನಿರೂಪಿಸಿರಿ.
3. ಹದಿನೆಂಟು ತಿಂಗಳೊಳಗಿನ ಶಿಶುವಿಗೆ ಪ್ರತಿಕಾಯ ಪರೀಕ್ಷೆ ಏಕೆ ಸಾಲದು?
4. ‘ಗವಾಕ್ಷಿ ಅವಧಿ’, ‘ಕಾಣದ ಅವಧಿ’ ಇವೆರಡರಲ್ಲಿ ಯಾವ ಪದ ಹೆಚ್ಚು ಸಮರ್ಪಕ? ಕಾರಣಸಹಿತ ಚರ್ಚಿಸಿರಿ.
5. ಪ್ರತಿಕಾಯ ಪರೀಕ್ಷೆಯ ‘ನೆಗೆಟಿವ್’ ವರದಿಯ ಅರ್ಥವನ್ನು ಮನೆಯ ಹಿರಿಯರೊಬ್ಬರಿಗೆ ತಿಳಿಯುವಂತೆ, ಊರಿನ ಆಡುಮಾತಿನಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.